ಅಕ್ಕನಿಗೊಂದು, ಅತ್ತಿಗೆಗೊಂದು

ಬಟ್ಟೆ ಆಲ್ಟರ್ ಮಾಡುವ ಆ ಅಂಗಡಿಗೆ ಬೋರ್ಡು ಇರಲಿಲ್ಲ. ಮೆಟ್ಟಿಲ ಕೆಳಗಿನ ಒಂದೇ ಕೋಣೆ; ಒಂದು ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ತಲೆಯಿಲ್ಲದ ಮರದ ಬೊಂಬೆ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದ ಅಂಗಡಿಯೊಡತಿಯನ್ನು ಗಿರಾಕಿಗಳು ಸೂಜಿಯಕ್ಕ ಎನ್ನುತ್ತಿದ್ದರು. ಸೂಜಿ ಬಾಯಲ್ಲಿದ್ದರೆ ಮಾತಾಡುವಂತಿಲ್ಲ. ಅದೇನೂ ಕಷ್ಟವಲ್ಲ, ಮಾತಾಡಲು ಯಾರಿದ್ದರು? ಗಂಡ ತೀರಿಕೊಂಡ ಮೇಲೆ ಮನೆಯಲ್ಲೂ ಅವಳೊಬ್ಬಳೇ.

ಇದ್ದದ್ದು ಫೋನಿನೊಳಗಿನ ಎರಡು ದನಿ. ಬೆಳಿಗ್ಗೆ ಸ್ವಂತ ಅಕ್ಕ, ಸಂಜೆ ಅಣ್ಣನ ಹೆಂಡತಿ. ಇಬ್ಬರಿಗೂ ಆರೋಗ್ಯದ ಹುಚ್ಚು.

"ಟೀ ಬಿಟ್ಬಿಡೇ, ಕರುಳು ಸುಟ್ಟು ಕರಕಲಾಗುತ್ತಂತೆ" ಎಂದು ಅಕ್ಕ. "ಟೀ ಮಾತ್ರ ಬಿಡ್ಬೇಡ ಕಣೇ, ಎದೆಗೆ ಒಳ್ಳೇದಂತೆ" ಎಂದು ಅತ್ತಿಗೆ. ಮಧ್ಯಾಹ್ನ ಮಲಗಿದರೆ ಅಕ್ಕನ ಪ್ರಕಾರ ರೋಗ, ಮಲಗದಿದ್ದರೆ ಅತ್ತಿಗೆಯ ಪ್ರಕಾರ ರೋಗ. ಅತ್ತ ದರಿ, ಇತ್ತ ಪುಲಿ. ಒಂದು ಲೋಟ ನೀರು ಕುಡಿಯುವಾಗಲೂ ಎದೆ ಡವಡವ: ಹೆಚ್ಚಾಯಿತೇ, ಕಡಿಮೆಯಾಯಿತೇ?

ಹೊಲಿಗೆಯಲ್ಲಿ ಇದಕ್ಕೊಂದು ದಾರಿಯಿತ್ತು. ಗಿರಾಕಿ ಒಂದು ಅಳತೆ, ಜೊತೆಗೆ ಬಂದವರು ಇನ್ನೊಂದು ಹೇಳಿದರೆ, ನಡುವೆ ಗುರುತು ಹಾಕಿ ಒಳಗಡೆ ಒಂದಿಷ್ಟು ಬಟ್ಟೆ ಬಿಟ್ಟುಬಿಡುವುದು. ಸಡಿಲಿಸಲೂ ಬಂತು, ಬಿಗಿಯಲೂ ಬಂತು. ಹಾಗೇ ಅವಳು ಅರ್ಧ ಲೋಟ ಚಹಾ ಕುಡಿಯತೊಡಗಿದಳು. ಅಕ್ಕ ಕೇಳಿದರೆ "ಬಿಟ್ಟೆ." ಅತ್ತಿಗೆ ಕೇಳಿದರೆ "ಕುಡಿದೆ." ಮಧ್ಯಾಹ್ನ ಎಡಗಾಲನ್ನು ಸ್ಟೂಲಿನ ಮೇಲಿಟ್ಟು, ಕುರ್ಚಿಯಲ್ಲೇ ಅರೆಗಣ್ಣು ಮುಚ್ಚುತ್ತಿದ್ದಳು. ಯಾರಿಗೂ ಇಲ್ಲವೆನ್ನುವ ಧೈರ್ಯವಿರಲಿಲ್ಲ. ಒಬ್ಬರು ಮುನಿಸಿಕೊಂಡರೂ ಅರ್ಧ ದಿನ ಮೂಕವಾಗಿಬಿಡುತ್ತದಲ್ಲ!

ನೆಂಟರ ಮದುವೆಯೊಂದು ಬಂತು. ಕೆಲಸ ರಾಶಿ ಬಿದ್ದಿತ್ತೆಂದು ಅವಳು ಹೋಗಲಿಲ್ಲ. ಅಕ್ಕ, ಅತ್ತಿಗೆ ಅಕ್ಕಪಕ್ಕ ಊಟಕ್ಕೆ ಕೂತರು. ಅಲ್ಲಿಗೆ ಗುಟ್ಟು ರಟ್ಟಾಯಿತು.

"ಏನೇ, ಇಬ್ಬರಿಗೂ ಬೆಣ್ಣೆ ಹಚ್ಚಿದ್ಯಲ್ಲ!" ಫೋನಿನಲ್ಲಿ ಅಕ್ಕ. "ನಾನೇ ಟೀ ಬಿಡಿಸಿದ್ದು ಅಂತ ಜಂಬ ಕೊಚ್ಕೊಂಡ್ರೆ, ಇವಳು ಬಿದ್ದು ಬಿದ್ದು ನಗ್ತಾಳೆ."

ಹಿಂದಿನಿಂದ ಅತ್ತಿಗೆ ಕೂಗಿದಳು: "ನಮ್ಮ ನಾದಿನಿ ದರ್ಜಿ ಅಲ್ವಾ, ಇಬ್ಬರಿಗೂ ಫಿಟ್ಟಿಂಗ್ ಸರಿ ಮಾಡಿದಾಳೆ!"

"ಹೋಗ್ಲಿ ಬಿಡು, ಇನ್ಮೇಲೆ ನಾವು ನಿನಗೇನೂ ಹೇಳಲ್ಲ. ಆರಾಮಾಗಿರು," ಎಂದಳು ಅಕ್ಕ.

ಅವಳೂ ನಕ್ಕಳು. ಅವರು ಮಾತಿಗೆ ತಪ್ಪಲಿಲ್ಲ. ಮರುದಿನ ಬೆಳಿಗ್ಗೆ ಫೋನು ಬರಲಿಲ್ಲ, ಸಂಜೆಯೂ ಇಲ್ಲ. ಆ ವಾರವೆಲ್ಲ ಇಲ್ಲ. ಒಂದು ದಿನ ಬೊಂಬೆಯ ಕುತ್ತಿಗೆಗೆ ಟೇಪು ನೇತುಹಾಕುತ್ತಾ "ಕುಡೀಲಾ, ಬಿಡ್ಲಾ?" ಎಂದು ಕೇಳಿದಳು. ತಲೆಯೇ ಇಲ್ಲದ್ದು ಹೇಗೆ ತಲೆಯಾಡಿಸೀತು! ತುಂಬಿದ ಲೋಟದ ಚಹಾ ಮೊದಲ ಗುಟುಕಿಗೇ ಸಪ್ಪೆಯೆನಿಸಿತು. ಯಂತ್ರದ ಪಕ್ಕದಲ್ಲೇ ಆರಿ ಕೆನೆಗಟ್ಟಿತು.

ಆ ದಿನ ಅಂಗಡಿ ಮುಚ್ಚುವ ಹೊತ್ತಿಗೆ ಎಡಗಾಲಿಗೆ ಚಪ್ಪಲಿ ಹಿಡಿಯಲಿಲ್ಲ. ಪೆಡಲು ತುಳಿಯುವ ಕಾಲು. ಕೆಲವು ತಿಂಗಳಿಂದ ಊದುತ್ತಿತ್ತು, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು. ಚಹಾ, ನೀರು, ನಿದ್ದೆ ಎಲ್ಲದರ ಮಾತಾಗಿತ್ತು, ಇದೊಂದನ್ನು ಮಾತ್ರ ಅವಳು ಬಾಯಿಬಿಟ್ಟಿರಲಿಲ್ಲ. ಹೇಳಿದರೆ ಒಬ್ಬಳು ನಡೆದಾಡು ಎಂದಾಳು, ಇನ್ನೊಬ್ಬಳು ಅಲುಗಾಡಲೇಬೇಡ ಎಂದಾಳು. ಈ ಊತಕ್ಕೆ ನಡುವಿನ ಗುರುತು ಎಲ್ಲಿ ಹಾಕುವುದು?

ಕೂತಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ಎಡಗಾಲು ಊದ್ಕೊಳ್ತಿದೆ."

"ಯಾವಾಗಿಂದ?"

"ಬಹಳ ದಿನ ಆಯ್ತು."

ಕೇಳದೆಯೇ ಊರಿಗೆಲ್ಲ ಸಲಹೆ ಕೊಡುವ ಅಕ್ಕ!

"ನಂಗೊತ್ತಿಲ್ಲ ಕಣೇ," ಎಂದಳು. "ಡಾಕ್ಟರಿಗೆ ತೋರಿಸ್ಬೇಕು. ಜೊತೆಗೆ ನಾನು ಬರ್ಲಾ?"

'ಬೇಡ, ನಿಂಗ್ಯಾಕೆ ತೊಂದ್ರೆ' ಎಂಬುದು ನಾಲಿಗೆಯ ತುದಿಯಲ್ಲಿತ್ತು. ಬೀದಿಯಲ್ಲಿ ಪಕ್ಕದ ಅಂಗಡಿಯವರು ಬಾಗಿಲೆಳೆದು ಹೋದರು.

"ಬಾ," ಎಂದಳು. "ಬೆಳಿಗ್ಗೇನೇ ಬಾ."

ದೀಪವಾರಿಸಿ, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ, ಗೋಡೆ ಹಿಡಿದುಕೊಂಡು ಮನೆಯ ಕಡೆ ನಡೆದಳು.