ಮೇಷ್ಟ್ರ ಕುರುಡು ಹಡಗು

ಮೇಷ್ಟ್ರ ತೋರುಬೆರಳಿನ ತುದಿ ಅಂಟು ಮೆತ್ತಿ ಮೆತ್ತಿ ಒಣಗಿ, ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯುತ್ತಿತ್ತು. ಅದೇ ಬೆರಳನ್ನು ಮೆಟ್ಟಿಲ ಕಂಬಿಯ ಮೇಲೆ ಎಳೆದು, ಹತ್ತಿದ ದೂಳನ್ನು ನಮ್ಮ ಮುಖದ ಮುಂದೆ ಹಿಡಿಯುತ್ತಿದ್ದರು. ಸ್ಟುಟ್‌ಗಾರ್ಟ್‌ನ ನಮ್ಮ ಕಟ್ಟಡದಲ್ಲಿ ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಅದಕ್ಕೆ ಕೆಹ್ರ್‌ವೋಖೆ ಎನ್ನುತ್ತಾರೆ. ನಮ್ಮ ಸರದಿ ಬಂದಾಗಲೆಲ್ಲ ಹೆಂಡತಿ ನನ್ನನ್ನು ಏಳಿಸುತ್ತಿದ್ದಳು. "ಮೊದ್ಲು ಮೆಟ್ಲು ಒರ್ಸ್‌ಬನ್ನಿ. ಇಲ್ದಿದ್ರೆ ಬೆಳಿಗ್ಗೆನೇ ಬೆಲ್ ಮಾಡ್ತಾರೆ ನಿಮ್ ಮೇಷ್ಟ್ರು."

ಕೆಳಗಿನ ಮನೆಯ ಆ ಜರ್ಮನ್ ಮುದುಕರು ಭೂಗೋಳ ಕಲಿಸಿ ನಿವೃತ್ತರಾದವರು. ಅದಕ್ಕೇ ನಾವು ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಪ್ಲಾಸ್ಟಿಕ್ಕನ್ನು ತಪ್ಪು ಕಸದ ಡಬ್ಬಿಗೆ ಹಾಕಿದ್ದೀರಿ ಎಂದು ಬೈಯಲು ಒಮ್ಮೆ ಕರೆದರು. ಮಾತಿನ ನಡುವೆ, ನಾನು ಕಾರುಗಳಿಗೆ ರಾಡಾರ್ ಮಾಡುವವನೆಂದು ತಿಳಿದದ್ದೇ ತಡ, ಒಳಗೆ ಕರೆದು ಕೂರಿಸಿದರು.

ಮೇಜಿನ ತುಂಬ ಒಂದೇ ಹಡಗು. ಎರಡನೇ ಮಹಾಯುದ್ಧದಲ್ಲಿದ್ದ ಬ್ರಿಟಿಷರ ಯುದ್ಧನೌಕೆ ಡ್ಯೂಕ್ ಆಫ್ ಯಾರ್ಕ್‌ನ ಮಾದರಿ. ಮುಂದೆ ಆರು ಫಿರಂಗಿ, ಹಿಂದೆ ನಾಲ್ಕು. ಕಟ್ಟಲು ಹಿಡಿದು ವರ್ಷಗಳೇ ಆಗಿದ್ದವು. ರಷ್ಯಾಕ್ಕೆ ಹೋಗುವ ಸರಕು ಹಡಗುಗಳನ್ನು ಅದು ಹೇಗೆ ಕಾಯಿತು, ಜಪಾನ್ ಶರಣಾದಾಗ ಟೋಕಿಯೊ ಕೊಲ್ಲಿಯಲ್ಲಿ ಹೇಗೆ ನಿಂತಿತ್ತು, ಕೊನೆಗೆ ಹೇಗೆ ಗುಜರಿಗೆ ಹೋಯಿತು, ಎಲ್ಲವನ್ನೂ ಪಾಠ ಒಪ್ಪಿಸುವ ಹಾಗೆ ಹೇಳಿದರು. ನನ್ನ ಕಣ್ಣು ಗೋಪುರದ ನೆತ್ತಿಗೆ ಹೋಯಿತು. ಫಿರಂಗಿಗಳಿಗೆ ಗುರಿ ತೋರಿಸುವ ರಾಡಾರ್ ಆಂಟೆನಾ ಅಲ್ಲಿರಲಿಲ್ಲ. ಊರಿಗೆಲ್ಲ ತಪ್ಪು ತೋರಿಸುವವರ ತಪ್ಪು ಸಿಕ್ಕಿತೆಂದು ನನಗೆ ಖುಷಿಯೋ ಖುಷಿ. ತೋರಿಸಿಯೇ ಬಿಟ್ಟೆ.

ಅವರು ರೇಗಲಿಲ್ಲ. ಕೂತು ನಿಧಾನವಾಗಿ ಹೇಳಿದರು. ಶಾರ್ನ್‌ಹೋರ್ಸ್ಟ್ ಎಂಬ ಜರ್ಮನ್ ಹಡಗಿನ ಬಾಯ್ಲರ್ ಕೋಣೆಯಲ್ಲಿ ಅವರಪ್ಪನ ಕೆಲಸ. 1943ರ ಡಿಸೆಂಬರ್ ತಿಂಗಳು, ನಾರ್ವೆಯ ತುದಿಯಾಚೆಯ ಸಮುದ್ರ, ಸಂಜೆಗೇ ಕಗ್ಗತ್ತಲು. ಜರ್ಮನ್ ಹಡಗಿನ ಮುಂದಿನ ರಾಡಾರ್ ಬೆಳಿಗ್ಗೆಯೇ ಒಡೆದಿತ್ತು. ಡ್ಯೂಕ್ ಆಫ್ ಯಾರ್ಕ್ ತನ್ನ ರಾಡಾರ್‌ನಿಂದಲೇ ಕತ್ತಲಲ್ಲಿ ಹುಡುಕಿ ಹೊಡೆಯಿತು. ಎರಡು ಸಾವಿರದ ಹತ್ತಿರ ಜನರಲ್ಲಿ ಬದುಕಿದವರು ಮೂವತ್ತಾರು. ಅವರಲ್ಲಿ ಅಪ್ಪ ಇರಲಿಲ್ಲ. ಮೇಷ್ಟ್ರು ಆಗ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದರು.

ಪರದೆಯ ಮೇಲೆ ಕಾಣುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ಕೇಳಿದರು. ಟಾರ್ಗೆಟ್ ಎಂದೆ. ಮನುಷ್ಯನಾದರೂ? ಮನುಷ್ಯನಾದರೂ ಅದೇ ಎಂದೆ. ಗೋಪುರದ ಬೋಳು ನೆತ್ತಿಯ ಮೇಲೆ ಬೆರಳಿಟ್ಟು ಹೇಳಿದರು:

"ಅಪ್ಪ ಹೋರಾಡಿದ್ದು ನಾತ್ಸಿಗಳ ಪರ. ಹಾಗಾಗಿ ನಾನು ಅಳುವ ಹಾಗಿಲ್ಲ. ಇಂಗ್ಲಿಷರು ಮಾಡಿದ್ದು ಸರಿ. ಹಾಗಾಗಿ ಬೈಯುವ ಹಾಗೂ ಇಲ್ಲ. ನನ್ನ ಕೈಲಾಗುವುದು ಇದೊಂದೇ. ಇದಕ್ಕೆ ನಾನು ಕಣ್ಣು ಇಡುವುದಿಲ್ಲ. ನಾನು ಹೋದ ಮೇಲೂ ಇದು ಹೀಗೇ ಇರಲಿ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಂದು ಡಬ್ಬಿಗೆ ಚಿತ್ರಾನ್ನ ತುಂಬಿ ಕೊಟ್ಟಳು. ಖಾರ ಎಂದು ಗೊಣಗಿದರೂ ಮೇಷ್ಟ್ರು ಪೂರ್ತಿ ತಿಂದರು. ಆಮೇಲೆ ಭಾನುವಾರಗಳೆಲ್ಲ ಅವರ ಮನೆಯಲ್ಲೇ ಕಳೆದವು. ಹಾಗೆಂದು ದೂಳು ತೋರಿಸುವುದನ್ನು ಮಾತ್ರ ಅವರು ಬಿಡಲಿಲ್ಲ. ಅಪ್ಪನನ್ನು ನೆನೆಯಲೂ ಅಪ್ಪಣೆಯಿಲ್ಲದ ಹಾಗೆ ಒಬ್ಬ ಮನುಷ್ಯ ಎಂಬತ್ತು ವರ್ಷ ಬದುಕಬೇಕೆಂದರೆ ಅದು ಎಂಥ ಶಿಕ್ಷೆ ಎಂದು ನನಗೆ ಇಂದಿಗೂ ಸಿಟ್ಟಿದೆ. ಯಾರ ಮೇಲೆ ಎಂದರೆ ಹೇಳಲಾರೆ.

ಕಳೆದ ಬೇಸಿಗೆಯಲ್ಲಿ ನಾವು ಮೈಸೂರಿಗೆ ಹೋಗಿದ್ದಾಗ ಮೇಷ್ಟ್ರು ತೀರಿಕೊಂಡರು. ಬರುವಷ್ಟರಲ್ಲಿ ಅವರ ಮಗಳು ಮನೆ ಖಾಲಿ ಮಾಡಿ, ಹಡಗನ್ನು ಮಾದರಿ ಕಟ್ಟುವವರ ಸಂಘಕ್ಕೆ ಕೊಟ್ಟಿದ್ದಳು. ಹುಡುಕಿಕೊಂಡು ಹೋದೆ. ಗಾಜಿನ ಪೆಟ್ಟಿಗೆಯೊಳಗೆ ಹಡಗು ಥಳಥಳ ಹೊಳೆಯುತ್ತಿತ್ತು. ನೆತ್ತಿಯ ಮೇಲೆ ಆಂಟೆನಾ. ಗೆಳೆಯನ ಅರ್ಧಕ್ಕೆ ನಿಂತ ಕೆಲಸವನ್ನು ನಾವೇ ಮುಗಿಸಿದೆವು ಎಂದು ಸಂಘದ ಹಿರಿಯರೊಬ್ಬರು ಹೆಮ್ಮೆಯಿಂದ ಹೇಳಿದರು.

ನನಗೆ ಮೈಯೆಲ್ಲ ಉರಿಯಿತು. ಮೇಷ್ಟ್ರು ಅದನ್ನು ಬೇಕೆಂದೇ ಬಿಟ್ಟದ್ದು ಎಂದು ನಡೆದದ್ದೆಲ್ಲ ಹೇಳಿದೆ. ಹಿರಿಯರು ಕೊನೆಯವರೆಗೂ ಕೇಳಿ, ಕನಿಕರದಿಂದ ತಲೆಯಾಡಿಸಿದರು.

"ಆದರೆ ಅದಿಲ್ಲದೆ ಹಡಗು ತಪ್ಪಾಗುತ್ತದಲ್ಲ?"

ಆಮೇಲೆ, ನೀವು ರಾಡಾರ್ ಕೆಲಸದವರಲ್ಲವೇ, ಕೂಡಿಸಿದ್ದು ಸರಿಯಿದೆಯೇ ನೋಡಿ ಎಂದು ಗಾಜಿನ ಬಾಗಿಲು ತೆರೆದರು. ಆಂಟೆನಾ ಕಿತ್ತು ಜೇಬಿಗೆ ಹಾಕಿಕೊಂಡು ಓಡಿಬಿಡಬೇಕು ಎನಿಸಿತು. ಬಗ್ಗಿ ನೋಡಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.