ಕುಂಯ್ ಎನ್ನುವ ಗಾಡಿ, ಕಾಕುವಿನ ಪಾಟಿ

ನನ್ನ ಕಾಕಾನ ಪಿಕಪ್ ಗಾಡಿಗೆ ಅಳುವ ರೋಗ ಬಂದದ್ದು ಖಂಡೇನವಮಿಯ ಆಯುಧಪೂಜೆಯ ಮಾರನೆಯ ದಿನ. ಎಂಜಿನ್ ಸುಮ್ಮನಿದ್ದರೆ ಸ್ಟೀರಿಯೋ ಸಭ್ಯವಾಗಿಯೇ ಇರುತ್ತಿತ್ತು. ಕೀಲಿ ತಿರುವಿದರೆ ಸಾಕು, ಒಳಗಿನಿಂದ ಕುಂಯ್ ಎಂಬ ರಾಗ ಶುರು. ಆಕ್ಸಿಲರೇಟರ್ ಒತ್ತಿದಂತೆ ದನಿ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ವಾಲ್ಯೂಮ್ ಪೂರಾ ಸೊನ್ನೆಗೆ ತಂದರೂ ನಿಲ್ಲುತ್ತಿರಲಿಲ್ಲ.

ಬೇರೆಯವರ ಗಾಡಿಯಾಗಿದ್ದರೆ ಹಾಡು ಬಂದ್ ಮಾಡಿ ಓಡಿಸಿ ಎಂದು ಹೇಳಿ ನಾನು ನನ್ನ ದಾರಿ ಹಿಡಿಯುತ್ತಿದ್ದೆ. ಆದರೆ ಈ ಸ್ಟೀರಿಯೋದೊಳಗೆ ಇದ್ದದ್ದು ಹಾಡಲ್ಲ, ಕಾಕುವಿನ ಗಂಟಲು.

ಕಾಕಾ ಕಾಕು ಖಾನಾಪುರದಲ್ಲಿ ಮಡಕೆ ಮಾಡುವವರು. ಬೇಸಿಗೆಯಲ್ಲಿ ನೀರಿನ ಮಡಕೆ, ದೀಪಾವಳಿಗೆ ಪಣತಿ. ವಾರದಲ್ಲಿ ನಂದಗಡದ ಕಡೆ, ಭಾನುವಾರ ಬೆಳಗಾವಿಯ ಖಾಸಬಾಗದ ಓಣಿಗಳಲ್ಲಿ ಗಾಡಿ ಮೆಲ್ಲಗೆ ನಡೆಸುತ್ತ ಮಾರುವುದು. ಕಾಕಾ ಗಾಡಿ ಹೊಡೆಯುವವನು, ಕೂಗುವವಳು ಕಾಕು. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಅವಳು ಎಳೆದು ಕೂಗಿದರೆ ಎರಡು ಓಣಿ ಆಚೆಯ ಅಡುಗೆಮನೆಯಲ್ಲೂ ಕೇಳಬೇಕು. ಈ ಮಳೆಗಾಲದಲ್ಲಿ ಆ ದನಿ ಒಡೆಯಿತು. ಬೆಳಗಾವಿಯ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, ಗಂಟಲ ತಂತಿಯ ಮೇಲೆ ಕಾಳಿನಂಥ ಗಂಟು ಎದ್ದಿವೆ ಎಂದರು. ಮೂರು ತಿಂಗಳು ಕೂಗುವಂತಿಲ್ಲ, ಮಾತೂ ಬೇಡ. ಹೇಳಿದ್ದು ಕೇಳಿದರೆ ಗಂಟು ತಾವಾಗಿ ಹೋದಾವು, ಕೇಳದಿದ್ದರೆ ಕತ್ತರಿ, ಕತ್ತರಿ ಆಡಿದ ಮೇಲೆ ಹಳೆಯ ದನಿಗೆ ಖಾತ್ರಿ ಇಲ್ಲ.

ಹೋದ ವರ್ಷ ತಮಾಷೆಗೆಂದು ನಾನು ಕಾಕುವಿನ ಕೂಗನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ. ಅದನ್ನೇ ಪೆನ್ ಡ್ರೈವಿಗೆ ಹಾಕಿ, ಬೆಳಗಾವಿಯ ಒಂದು ಅಂಗಡಿಯಲ್ಲಿ ಹೊಸ ಸ್ಟೀರಿಯೋ ಕೂಡ್ರಿಸಿ, ಕ್ಯಾಬಿನ್ನಿನ ಟಪ್ಪಿನ ಮೇಲೊಂದು ಹಾರ್ನ್ ಸ್ಪೀಕರ್ ಕಟ್ಟಿದೆವು. ಕಾಕುವಿಗೆ ಸಾಲೆಯ ಮಕ್ಕಳ ಪಾಟಿ ಬಳಪ ತಂದುಕೊಟ್ಟೆವು. ಅವಳು ಪಾಟಿಯ ಮೇಲೆ ಬರೆಯುವುದು, ಗಾಡಿ ಅವಳ ದನಿಯಲ್ಲಿ ಕೂಗುವುದು. ಎರಡು ತಿಂಗಳು ಈ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು.

ಆಮೇಲೆ ಕುಂಯ್ ಬಂತು. ಆ ಭಾನುವಾರ ಖಾಸಬಾಗದ ಓಣಿಯೊಂದರಲ್ಲಿ ಹೆಣ್ಣುಮಗಳೊಬ್ಬಳು ಕಿವಿ ಮುಚ್ಚಿಕೊಂಡೇ ಹೊರಗೆ ಬಂದಳು.

"ಏನ್ರೀ ಇದು, ಪಣತಿ ಮಾರಾಕ ಬಂದೀರೋ, ಹಲ್ಲ ಕೊರಿಯಾಕ ಬಂದೀರೋ?"

ಎಂಜಿನ್ ಬಂದ್ ಮಾಡಿ ಬರೇ ಸ್ಟೀರಿಯೋ ಹಚ್ಚಿ ನೋಡಿದೆವು. ಹಳೆಯ ಬ್ಯಾಟರಿ ಕಾಲು ತಾಸಿಗೆ ಪ್ರಾಣ ಬಿಟ್ಟಿತು, ಗಾಡಿಯನ್ನು ಓಣಿಯ ತುದಿಯವರೆಗೆ ದೂಡಬೇಕಾಯಿತು. ಕಾಕು ತಾಳಿ ತಾಳಿ ಕೊನೆಗೆ ಸ್ಟೀರಿಯೋ ಆರಿಸಿ, ಸೆರಗು ಸಿಕ್ಕಿಸಿ ತಾನೇ ಕೂಗಿಬಿಟ್ಟಳು. ಎರಡು ಕೂಗು ಬಂದವು. ಮೂರನೆಯದು ಅರ್ಧಕ್ಕೆ ಹರಿಯಿತು. ಸಂಜೆ ನಾನು ಚಹಾ ಬೇಕೇ ಎಂದು ಕೇಳಿದಾಗ ಅವಳ ಬಾಯಿಂದ ಬರೇ ಗಾಳಿ ಬಂತು. ದೀಪಾವಳಿಗೆ ಮುಂಚೆ ಇನ್ನೊಂದೇ ಭಾನುವಾರ ಉಳಿದಿತ್ತು, ಮನೆ ತುಂಬ ಪಣತಿ ಇದ್ದವು. ಗಾಡಿ ಬಾಯಿ ಮುಚ್ಚದಿದ್ದರೆ ಆ ದಿನವೂ ಅವಳು ಬಾಯಿ ತೆರೆಯುವುದರಲ್ಲಿ ಸಂಶಯವಿರಲಿಲ್ಲ.

ಇಂಥ ಬಿಕ್ಕಟ್ಟಿಗೆ ನನ್ನಂಥವಳು ಬೇಕೇ ಬೇಕಲ್ಲ. ನಾನು ಬೆಳಗಾವಿಯಲ್ಲಿ ಕಾನೂನು ಓದುತ್ತೇನೆ, ಕಾಲೇಜಿನ ಚರ್ಚಾ ತಂಡದಲ್ಲಿದ್ದೇನೆ. ನಾನು ಗೆದ್ದು ತಂದ ಕಪ್ಪುಗಳಲ್ಲಿ ಕಾಕು ಹುಣಸೆಹಣ್ಣು ತುಂಬಿಡುತ್ತಾಳೆ. ಕಾರಣವಿಲ್ಲದೆ ಕಾರ್ಯವಿಲ್ಲ, ಪುರಾವೆಯಿಲ್ಲದೆ ಮಾತಿಲ್ಲ ಎನ್ನುವ ಪೈಕಿ ನಾನು. ರಜೆಯ ವಾರ ಪೂರ್ತಿ ಖಾನಾಪುರದಲ್ಲೇ ಉಳಿದೆ.

ಕಾಕಾನ ವಾದ ಸೋಮವಾರ ಬೆಳಿಗ್ಗೆಯೇ ಮಂಡನೆಯಾಯಿತು.

"ನಿಂಬಿಹಣ್ಣ ಕಟ್ಟಬ್ಯಾಡ ಅಂದಿ. ಈಗ ನೋಡ, ಗಾಡಿ ಅಳಾಕತ್ತೇತಿ."

"ಕಾಕಾ, ನಿಂಬಿಹಣ್ಣಿಗೂ ಸ್ಪೀಕರಿಗೂ ಏನ ಸಂಬಂಧ?"

"ಸಂಬಂಧ ಇಲ್ಲ ಅಂತ ನೀ ಹೇಳ್ತಿ. ಗಾಡಿ ಐತಿ ಅಂತ ಹೇಳಾಕತ್ತೇತಿ. ಯಾರ ಮಾತ ಕೇಳ್ಲಿ?"

ಈ ನಿಂಬೆಹಣ್ಣಿನ ಹಿಂದೆ ಒಂದು ಇತಿಹಾಸವಿದೆ. ಪ್ರತಿ ಖಂಡೇನವಮಿಗೆ ಕಾಕಾ ಗಾಡಿ ತೊಳೆದು, ಅರಿಷಿಣ ಕುಂಕುಮ ವಿಭೂತಿಯನ್ನು ನೀರಲ್ಲಿ ಕಲಸಿ ಕಬ್ಬಿಣಕ್ಕೆಲ್ಲ ಬಳಿದು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಿದ್ದ. ಬಳಿದ ಜಾಗಗಳಲ್ಲೇ ತುಕ್ಕು ಹಿಡಿಯುತ್ತಿತ್ತು. ಈ ಸಲ ನಾನು ಒಂದು ಸಂಜೆ ಪೂರ್ತಿ ವಾದಿಸಿ, ಕಬ್ಬಿಣಕ್ಕೆ ನಿಜವಾದ ಪೂಜೆ ಎಂದರೆ ತುಕ್ಕು ಕೆರೆದು ಬಣ್ಣ ಹಚ್ಚುವುದು ಎಂದು ಸಾಧಿಸಿದ್ದೆ. ಕಾಕಾ ಒಪ್ಪಲಿಲ್ಲ, ಸೋತ. ಅವೆರಡೂ ಬೇರೆ ಎಂಬುದು ಚರ್ಚಾಸ್ಪರ್ಧೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಬ್ಬದ ದಿನ ಓಣಿಯವರು ತಮ್ಮ ತಮ್ಮ ಗಾಡಿಗೆ ಕೈಮುಗಿಯುವ ಹೊತ್ತಿಗೆ ನಾನು ಕ್ಯಾಬಿನ್ನಿನೊಳಗೆ ಕೂತು, ಸೀಟು ತೆಗೆದು, ಸಿಕ್ಕ ಸಿಕ್ಕ ಬೋಲ್ಟು ಬಿಚ್ಚಿ, ಅದರ ಕೆಳಗೂ ಬಿಡದೆ ನೀಲಿ ಎನಾಮೆಲ್ ಬಳಿದು, ಒಣಗಿದ ಮೇಲೆ ಮತ್ತೆ ಬಿಗಿದೆ. ಇಷ್ಟು ಶ್ರದ್ಧೆಯಿಂದ ಯಾವ ಪೂಜಾರಿಯೂ ಪೂಜೆ ಮಾಡಿರಲಿಕ್ಕಿಲ್ಲ.

ಮಂಗಳವಾರ ಬೆಳಗಾವಿಯ ಅಂಗಡಿಗೆ ಹೋದೆವು. ಅಂಗಡಿಯವರು ಸ್ಟೀರಿಯೋವನ್ನು ನೋಡಲೂ ಇಲ್ಲ, ಕಾಕಾನ ಮುಖ ನೋಡಿ ರೋಗ ಹೇಳಿದರು.

"ಸ್ಪೀಕರ್ ಬದಲಿ ಮಾಡ್ರಿ ಸಾಹೇಬ್ರ. ಹಂಗ ಒಂದ ಆಂಪ್ಲಿಫಾಯರ್ ಹಾಕ್ಸಿಬಿಡ್ರಿ, ಖಾನಾಪುರದಾಗ ಹಚ್ಚಿದ್ರ ಬೆಳಗಾವ್ಯಾಗ ಕೇಳ್ಬೇಕ."

"ಆ ಕುಂಯ್ ಅನ್ನೋದು?"

"ಅದೂ ಭಾರೀ ಜೋರ್ ಕೇಳ್ತೈತ್ರಿ," ಎಂದರು ಪ್ರಾಮಾಣಿಕವಾಗಿ.

ನಾನು ಜಗಳ ತೆಗೆದ ಮೇಲೆ ಒಂದು ಫಿಲ್ಟರ್ ಡಬ್ಬಿ ಕೊಟ್ಟರು. ಮನೆಗೆ ತಂದು ಅದನ್ನು ಜೋಡಿಸಿದಾಗ ಕುಂಯ್ ಅರ್ಧ ಇಳಿಯಿತು, ಅದರ ಜೊತೆ ಕಾಕುವಿನ ಕೂಗೂ ಅರ್ಧ ಇಳಿದು ಬಾವಿಯೊಳಗಿಂದ ಕರೆದಂತಾಯಿತು. ಪಕ್ಕದ ಮನೆಯ ಮರಾಠಿ ಅಜ್ಜ ಬಂದು "ಕಾಯ್ ಝಾಲಂ, ಏನಾತು?" ಎಂದು ಕೇಳಿ, ಎರಡು ನಿಮಿಷ ಕಿವಿಗೊಟ್ಟು, "ದೃಷ್ಟಿ ಆಗೇತಿ" ಎಂದು ತೀರ್ಪು ಕೊಟ್ಟು ಹೋದರು. ಕಾಕಾ ನನ್ನತ್ತ ನೋಡಿದ ನೋಟವನ್ನು ವರ್ಣಿಸುವುದು ಬೇಡ.

ಆಮೇಲೆ ನಾನು ಶಾಸ್ತ್ರೀಯವಾಗಿ ಹೊರಟೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಟಿಪ್ಪಣಿ. ಪೆನ್ ಡ್ರೈವ್ ತೆಗೆದು ಮೊಬೈಲ್ ಜೋಡಿಸಿದೆ: ಕುಂಯ್. ಎಡ ಸ್ಪೀಕರ್ ಬಿಚ್ಚಿದೆ, ಬಲಗಡೆ ಕುಂಯ್. ಹಾರ್ನ್ ಬಿಚ್ಚಿದೆ, ಹೆಡ್‌ಲೈಟ್ ಹಚ್ಚಿದೆ, ವೈಪರ್ ಓಡಿಸಿದೆ. ಟಿಪ್ಪಣಿಯ ಪುಸ್ತಕ ಮುಗಿಯುತ್ತ ಬಂತು. ಕಾಕಾ ಜಗುಲಿಯ ಮೇಲೆ ಕುಳಿತು ಪ್ರತಿ ಸಲ "ಏನಂತೈತಿ ವಕೀಲಬಾಯಿ, ಸಾಕ್ಷಿ?" ಎಂದು ಕೇಳುತ್ತಿದ್ದ. ನಾನು ಪ್ರತಿ ಸಲ ಉತ್ತರ ಕೊಡುತ್ತಿದ್ದೆ, ಉತ್ತರ ದೊಡ್ಡದಾಗುತ್ತಿತ್ತು.

ಈ ನಡುವೆ ಕಾಕು ಪಾಟಿ ಹಿಡಿದು ಮೂರು ಸಲ ಬಂದಳು. ಮೊದಲ ಸಲ ನಾನು ಕಾಕಾನ ನಿಂಬೆಹಣ್ಣನ್ನು ಖಂಡಿಸುತ್ತಿದ್ದೆ: "ತಡಿ ಕಾಕು, ಒಂದ್ನಿಮಿಷ." ಎರಡನೆಯ ಸಲ ಫೋನಿನಲ್ಲಿ ಅಂಗಡಿಯವರಿಗೆ ಗ್ರಾಹಕರ ಹಕ್ಕುಗಳನ್ನು ತಿಳಿಸುತ್ತಿದ್ದೆ. ಮೂರನೆಯದು ಗುರುವಾರ. ಗಾಡಿಯ ಹಿಂದಿನ ಮಡಕೆ ಇಡುವ ಚೌಕಟ್ಟು ಮುರಿದಿತ್ತು, ವೆಲ್ಡಿಂಗಿನವನು ಬಂದು ಬೆಸೆದು ಹೋಗಿದ್ದ. ಅವನು ಕೆಲಸ ಮಾಡುವಷ್ಟು ಹೊತ್ತು ಕಾಕು ಕದಲದೆ ನೋಡುತ್ತ ನಿಂತಿದ್ದಳು. ಅವನು ಹೋದೊಡನೆ ಪಾಟಿ ತಂದಳು. ನಾನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿದ್ದೆ, "ಆಮೇಲೆ ಓದ್ತೀನಿ" ಎಂದೆ. ಓದಲಿಲ್ಲ.

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಗಾಡಿಯ ಮುಂದೆ ನಿಂಬೆಹಣ್ಣು, ಏಳು ಹಸಿ ಮೆಣಸಿನಕಾಯಿ. ಕಾಕಾ ಏನೂ ಗೊತ್ತಿಲ್ಲದವನಂತೆ ಹಲ್ಲು ತಿಕ್ಕುತ್ತಿದ್ದ. ನಾನು ಶುರು ಮಾಡಿದೆ. ನಂಬಿಕೆ ಬೇರೆ, ಪುರಾವೆ ಬೇರೆ ಎನ್ನುವಲ್ಲಿಂದ ಹಿಡಿದು ಎರಡನೆಯ ಅಂಶಕ್ಕೆ ಬರುವಷ್ಟರಲ್ಲಿ ಬಾನೆಟ್ಟಿನ ಮೇಲೆ ಟಪ್ ಎಂದು ಏನೋ ಬಡಿಯಿತು. ಕಾಕು ಪಾಟಿ ಕುಕ್ಕಿದ್ದಳು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: "ನನ್ನ ಪಾಳಿ ಯಾವಾಗ?"

ಚರ್ಚೆಯಲ್ಲಿ ಎದುರಾಳಿಯ ಪಾಳಿ ಕಸಿದುಕೊಂಡರೆ ಅಂಕ ಕಳೆಯುತ್ತಾರೆ. ನಾನು ಒಂದು ವಾರದಿಂದ ಕಸಿದುಕೊಂಡಿದ್ದೆ, ಅದೂ ಬಾಯಿ ತೆರೆಯಲಾಗದವಳಿಂದ. ಹಿಂದೆ ಸರಿದು ಅವಳಿಗೆ ದಾರಿ ಬಿಟ್ಟೆ. ಕಾಕಾ ಬ್ರಷ್ ಬಾಯಲ್ಲಿಟ್ಟುಕೊಂಡೇ ಹತ್ತಿರ ಬಂದ.

ಅವಳು ಕ್ಯಾಬಿನ್ನಿಗೆ ಹತ್ತಿ ಸೀಟು ಎತ್ತಿಸಿದಳು. ಹಿಂದಿನ ತಗಡಿಗೆ ಒಂದು ಬೋಲ್ಟು, ಅದರಡಿ ಸ್ಟೀರಿಯೋದಿಂದ ಬಂದ ಕರೀ ವೈರು. ಬಿಚ್ಚು ಎಂದು ಬೆರಳಲ್ಲಿ ತೋರಿಸಿದಳು. ಬಿಚ್ಚಿದೆ. ಕೆಳಗೆ ನನ್ನ ನೀಲಿ ಬಣ್ಣ, ಕನ್ನಡಿಯಂತೆ ಹೊಳೆಯುತ್ತಿತ್ತು. ಮಡಕೆಯ ಮೈ ಕೆರೆಯಲು ಸದಾ ಸೊಂಟದಲ್ಲಿಟ್ಟುಕೊಳ್ಳುವ ಮುರುಕು ಗರಗಸದ ಬ್ಲೇಡು ತೆಗೆದು, ಅವಳು ಆ ಜಾಗವನ್ನು ಬಿಳಿ ಕಬ್ಬಿಣ ಕಾಣುವವರೆಗೆ ಕೆರೆದಳು. ಪಾಟಿ ಒರೆಸಿ ಬರೆದಳು: "ವೆಲ್ಡಿಂಗಿನಂವ ಅರ್ಥಿಂಗ್ ಹಚ್ಚೂಕಿಂತ ಮೊದಲ ಬಣ್ಣ ಕೆರದ. ನೀ ಯಾಕ ಕೆರೀಲಿಲ್ಲ?"

ನನ್ನ ಟಿಪ್ಪಣಿ ಪುಸ್ತಕದಲ್ಲಿ ಎಲ್ಲ ಇತ್ತು, ಇದೊಂದು ಇರಲಿಲ್ಲ. ಸ್ಟೀರಿಯೋಗೆ ಬಂದ ಕರೆಂಟು ವಾಪಸು ಹೋಗುವುದು ಈ ಅರ್ಥಿಂಗಿನ ಕರೀ ವೈರಿಳಿದು ಗಾಡಿಯ ಕಬ್ಬಿಣದ ಮೈಯಿಂದ. ಆ ದಾರಿಗೆ ನಾನು ಬಣ್ಣ ಬಳಿದು ಬಾಗಿಲು ಹಾಕಿದ್ದೆ. ದಾರಿ ಸಿಗದ ಕರೆಂಟು ಅಲ್ಲಿ ಇಲ್ಲಿ ನುಸುಳುವಾಗ ಎಂಜಿನ್ನಿನ ಗಲಾಟೆಯನ್ನೂ ಸ್ಪೀಕರಿಗೆ ಎಳೆತಂದಿತ್ತು. ತುಕ್ಕನ್ನೂ ಮೂಢನಂಬಿಕೆಯನ್ನೂ ಒಟ್ಟಿಗೆ ಓಡಿಸಲು ಹೊರಟವಳು ಸಾಧಿಸಿದ್ದು ಇದನ್ನು.

ಬೋಲ್ಟು ಬಿಗಿದು, ಫಿಲ್ಟರ್ ಡಬ್ಬಿ ಕಿತ್ತೆಸೆದು ಕೀಲಿ ತಿರುವಿದೆ. ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಮಾತ್ರ ಗುರ್ ಅಂದಿತು. ಆಮೇಲೆ ಟಪ್ಪಿನ ಮೇಲಿಂದ ಹೋದ ವರ್ಷದ ಕಾಕು ಕೂಗಿದಳು, ಒಂದು ಬಿರುಕೂ ಇಲ್ಲದೆ.

ಕಾಕಾ ಬಾಯಿ ಮುಕ್ಕಳಿಸಿ ಬಂದ. "ಕಟ್ಟಿ ಇನ್ನೂ ಒಂದ ತಾಸ ಆಗಿಲ್ಲ ನೋಡ," ಎಂದು ನಿಂಬೆಹಣ್ಣನ್ನು ಪ್ರೀತಿಯಿಂದ ಸರಿಪಡಿಸಿದ.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನನ್ನ ನಿಯಮವನ್ನು ಆ ಮನುಷ್ಯ ಏಳು ಮೆಣಸಿನಕಾಯಿಯಿಂದ ಮುರಿದಿದ್ದ. ಗಾಡಿ ಸರಿಯಾದದ್ದು ಕಾಕುವಿನ ಬ್ಲೇಡಿನಿಂದ ಎಂದು ಈ ಜನ್ಮದಲ್ಲಿ ಅವನೆದುರು ಸಾಬೀತು ಮಾಡಲು ನನ್ನಿಂದ ಸಾಧ್ಯವಿಲ್ಲ. ಪರೀಕ್ಷೆಗಾಗಿ ನಿಂಬೆಹಣ್ಣು ಬಿಚ್ಚಿ ನೋಡೋಣ ಎಂದೆ. "ಚಾಲೂ ಇರೋ ಗಾಡಿಗಿ ಕೈ ಹಚ್ಚಬ್ಯಾಡ" ಎಂದ.

ಭಾನುವಾರ ಖಾಸಬಾಗಕ್ಕೆ ನಾನೂ ಹೋದೆ. ಗಾಡಿ ಕೂಗುತ್ತ ಓಣಿ ಹೊಕ್ಕಿತು. ಕಾಕು ಹಿಂದೆ ಪಣತಿಗಳ ನಡುವೆ ಕೂತಿದ್ದಳು. ಪ್ರತಿ ಕೂಗಿಗೂ ಅವಳ ತುಟಿ ಸದ್ದಿಲ್ಲದೆ ಅಲುಗುತ್ತಿದ್ದವು. ಹೋದ ವಾರ ಕಿವಿ ಮುಚ್ಚಿಕೊಂಡಿದ್ದ ಅದೇ ಹೆಣ್ಣುಮಗಳು ಬುಟ್ಟಿ ಹಿಡಿದು ಬಂದಳು.

"ಛಲೋ ಐತ್ರೀ ದನಿ. ಯಾರ್ದು?"

ಕಾಕು ತನ್ನ ಎದೆ ಮುಟ್ಟಿ ತೋರಿಸಿದಳು.

"ಏ, ಸುಳ್ಳ! ಮಾತಾಡಾಕ ಬರೂದಿಲ್ಲ, ನಿಮ್ದ ದನಿ ಅಂತೀರಿ. ಒಂದ ಸಲ ಕೂಗಿ ತೋರಸ್ರಿ ನೋಡೂಣು."

ಕಾಕು ಉಸಿರು ಎಳೆದುಕೊಂಡಳು. ನನಗೆ ಗೊತ್ತು, ಅವಳಿಗೆ ಸೋಲುವ ಸ್ವಭಾವವಿಲ್ಲ. ನಾನು ಪುರಾವೆ ಸಮೇತ ವಾದಕ್ಕೆ ಸಿದ್ಧಳಾಗಿ ಬಾಯಿ ತೆರೆದೆ. ಅವಳು ನನ್ನನ್ನು ನೋಡಿದಳು, ಎಳೆದ ಉಸಿರನ್ನು ಮೆಲ್ಲಗೆ ಬಿಟ್ಟಳು. ಪಾಟಿಯ ಮೇಲೆ ಎರಡೇ ಶಬ್ದ ಬರೆದು ನನ್ನ ಮುಂದೆ ಹಿಡಿದಳು.

"ಪಣತಿ ಇಳಸು."

ಇಳಿಸಿದೆ.