ಕೊನೆಯ ಸಾಲಿನ ಪಟ

ಅಂತೋಣಿಯವರು ಕಂಪ್ಯೂಟರಿನ ಮುಂದೆ ಕುಳಿತರೆ ಅವರ ಎಡಗಾಲು ಸುಮ್ಮನಿರುತ್ತಿರಲಿಲ್ಲ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದ ಆ ಬರಿಗಾಲು, ನಮ್ಮ ಹಲಸೂರಿನ ಮನೆಯ ಕೆಂಪು ನೆಲದ ಮೇಲೆ ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು, ಬಿಡುತ್ತಿತ್ತು.

ನಮ್ಮ ಯಜಮಾನರು ಕೆ.ಆರ್. ಪುರದ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಅಲ್ಲಿಯ ಬಸ್ಸಿಗೆ ಅಂತೋಣಿ ಡ್ರೈವರ್. ಶಿವಾಜಿನಗರದವರು, ಮನೆಮಾತು ತಮಿಳು. ಇಪ್ಪತ್ತು ವರ್ಷ ಯಜಮಾನರು ಅವರ ಹಿಂದಿನ ಸೀಟಿನಲ್ಲೇ ಕೂತು ಹೋಗಿ ಬಂದರು. ಇಬ್ಬರೂ ನಿವೃತ್ತರಾದ ಮೇಲೆ, ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ, ಯಜಮಾನರಿಗೆ ಲಕ್ವ ಹೊಡೆಯಿತು. ಪ್ರಾಣ ಉಳಿಯಿತು, ಮಾತು ಉಳಿಯಿತು, ಕಾಲು ಮೆಲ್ಲಗೆ ಮರಳಿತು. ದಿನಾ ದೀಪ ಹಚ್ಚುವಾಗ ಇವನ್ನು ಒಂದೊಂದಾಗಿ ಸೋಮೇಶ್ವರನಿಗೆ ಎಣಿಸಿ ಒಪ್ಪಿಸುತ್ತಿದ್ದೆ. ಬಲಗೈ ಮಾತ್ರ ಬರಲಿಲ್ಲ. ಅನ್ನ ಕಲಸಲು ಆಗದು. ಎಡಗೈಯಲ್ಲಿ ಉಣ್ಣಲು ಮನಸ್ಸು ಒಪ್ಪದು. ನಾನು ತುತ್ತಿಟ್ಟರೆ ನಾಲ್ಕಕ್ಕೇ ಸಾಕೆಂದು ಮುಖ ತಿರುಗಿಸುವರು. ಹಿಸುಕಲು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಎಸೆದುಬಿಟ್ಟಿದ್ದರು. ಈ ಮನುಷ್ಯ ಒಂದು ಹೊತ್ತಾದರೂ ತನ್ನ ಕೈಯಾರೆ ಉಣ್ಣಲಿ ಎನ್ನುವುದು ಬಿಟ್ಟು ನನಗೆ ಬೇರೇನೂ ಬೇಡವಾಗಿತ್ತು.

ನೋಡಲು ಬಂದ ಅಂತೋಣಿ ಮಂಚದ ಕೆಳಗಿನಿಂದ ಚೆಂಡನ್ನು ತೆಗೆದು ಮೇಜಿನ ಮೇಲಿಟ್ಟರು. ಮೂಲೆಯಲ್ಲಿ, ಮದುವೆಯಾಗಿ ಹೋದ ಮಗಳ ಕಂಪ್ಯೂಟರಿಗೆ ನಾನು ಬಟ್ಟೆ ಹೊದಿಸಿಟ್ಟಿದ್ದೆ. "ಇದು ಓಡತ್ತಾ ಅಮ್ಮಾ?" ಎಂದು ಕೇಳಿದರು. ಮುಂದಿನ ಗುರುವಾರ ಸಿ.ಡಿ. ಹಿಡಿದು ಬಂದರು. ಬಸ್ಸು ಓಡಿಸುವ ಆಟ. ತಮ್ಮ ಅಳಿಯನ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಕಲಿತದ್ದಂತೆ.

ಯಜಮಾನರು ಗೋಡೆಯ ಕಡೆ ತಿರುಗಿ ಕೂತರು. ಅಂತೋಣಿ ತಾವೇ ಓಡಿಸಿ, ಬಸ್ಸನ್ನು ನೇರ ಒಂದು ಕಾಂಪೌಂಡಿಗೆ ಗುದ್ದಿದರು. ಆ ಸದ್ದಿಗೆ ಇವರು ತಿರುಗಿದರು.

"ಏನ್ರೀ ಅಂತೋಣಿ! ಇಪ್ಪತ್ತು ವರ್ಷ ನಿಮ್ ಹಿಂದೆ ಕೂತಿದ್ದೀನಿ, ಒಂದ್ ಗೋಡೆ ಸವರಿಲ್ಲ. ಬ್ರೇಕ್ ಎಲ್ಲೋಯ್ತು?"

"ಇಲ್ಲೇ ಇದೆ ಸಾರ್, ಬಲಗಡೆ ಈ ಬಾಣದ ಕೀಗಳಲ್ಲಿ. ನಿಮ್ ಬಲಗೈ ಬೇಕು."

"ಅದು ಸತ್ತಿದೆ ಕಣ್ರೀ."

"ಸತ್ತಿಲ್ಲ ಸಾರ್, ಡಿಪೋದಲ್ಲಿದೆ."

ಅಸಲು ಆಟ ಇವರ ಕೈಗೆ ವಿಪರೀತ ವೇಗವಾಯಿತು. ಇಂಥ ಆಟಗಳಿಗೆ ಯಾರ್ಯಾರೋ ಸಣ್ಣ ಸಣ್ಣ ಬದಲಾವಣೆ ಮಾಡಿ ಇಂಟರ್ನೆಟ್ಟಿನಲ್ಲಿ ಇಟ್ಟಿರುತ್ತಾರಂತೆ. ಅವಕ್ಕೆ ಮಾಡ್ ಎನ್ನುತ್ತಾರೆ. ಅವನ್ನೆಲ್ಲ ಸಾಲಾಗಿ ತೋರಿಸುವ ಇನ್ನೊಂದು ಪ್ರೋಗ್ರಾಮ್ ಮಾಡ್ ಮ್ಯಾನೇಜರ್. ಬೇಕಾದ್ದಕ್ಕೆ ಟಿಕ್ ಹಾಕುವುದು, ಬೇಡವಾದರೆ ತೆಗೆಯುವುದು. ಅಂತೋಣಿ ನಿಧಾನದ ಬಸ್ಸಿಗೆ, ಖಾಲಿ ರಸ್ತೆಗೆ, ಕಾರ್ಖಾನೆ ಬಸ್ಸಿನ ಒಳಹೊರಗಿನ ನೀಲಿ ಬಣ್ಣಕ್ಕೆ ಟಿಕ್ ಹಾಕಿದರು. "ಆಟ ಕೆಟ್ಟೋದ್ರೆ?" ಎಂದು ಹೆದರಿ ಕೇಳಿದೆ.

"ಅಸಲಿಗೆ ಕೈಯೇ ಹಾಕಿಲ್ಲಮ್ಮಾ. ಟಿಕ್ ತೆಗೆದ್ರೆ ಮೊದಲಿನ ಹಂಗೇ ಬರತ್ತೆ."

ಪ್ರತಿ ಗುರುವಾರ ಬರುವರು, ಇವರ ಬೆರಳು ನೋಡುವರು, ಪಟ್ಟಿಯಲ್ಲಿ ಒಂದನ್ನು ಬದಲಿಸಿ ಹೋಗುವರು. ಯಜಮಾನರು ಅವಸರಪಟ್ಟರೆ, "ಒಂದ್ಸಲಕ್ಕೆ ಒಂದೇ ಸಾರ್. ಎರಡು ತೆಗೆದು ಕೆಟ್ರೆ, ಯಾವುದರಿಂದ ಕೆಟ್ಟಿತು ಅಂತ ಹೆಂಗೆ ಹೇಳ್ತೀರಾ?" ಎನ್ನುವರು.

ಅವರು ಓಡಿಸುತ್ತಿದ್ದ ಬಸ್ಸಿನಲ್ಲಿ ಸ್ಟೇರಿಂಗಿನ ಮುಂದೆ ಅವರ ಚರ್ಚಿನ ಆರೋಗ್ಯ ಮಾತೆಯ ಪಟ ಇತ್ತು. ಆಟದ ಬಸ್ಸಿಗೂ ಅದೇ ಪಟದ ಮಾಡ್ ಒಂದನ್ನು ಅಳಿಯನಿಂದ ಮಾಡಿಸಿಕೊಂಡಿದ್ದರು. ನಮ್ಮ ಮನೆಯಲ್ಲಿ ಅದರ ಟಿಕ್ ತೆಗೆದು, ನಮ್ಮ ದೇವರ ಮನೆಯ ಸೋಮೇಶ್ವರನ ಪಟವನ್ನು ಸ್ಕ್ಯಾನ್ ಮಾಡಿಸಿ ತಂದು ಸೇರಿಸಿದರು. ಯಜಮಾನರು ಅದಕ್ಕೆ ಕೈ ಮುಗಿದೇ ಬಸ್ಸು ಹೊರಡಿಸುತ್ತಿದ್ದರು. ಬಲಗೈಯನ್ನು ಎಡಗೈ ಎತ್ತಿ ಹಿಡಿಯುತ್ತಿತ್ತು.

ಒಂದು ಬೆಳಿಗ್ಗೆ ಮೇಜು ಒರೆಸುತ್ತ ಆ ಪಟ್ಟಿ ನೋಡಿದೆ. ದೇವರು ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ, ಬಸ್ಸಿನ ಬಣ್ಣಕ್ಕಿಂತಲೂ ಕೆಳಗೆ! ಮನಸ್ಸು ತಡೆಯಲಿಲ್ಲ. ಅಂತೋಣಿ ಮಾಡುವುದನ್ನು ನೋಡಿದ್ದೆನಲ್ಲ, ಮೌಸಿನಿಂದ ಎಳೆದು ಎಲ್ಲರಿಗಿಂತ ಮೇಲೆ ಕೂರಿಸಿದೆ. ಸಂಜೆ ಆಟ ತೆರೆದರೆ ಬಸ್ಸಿನಲ್ಲಿ ದೇವರೇ ಇಲ್ಲ. ಯಜಮಾನರು ಕೈಯನ್ನು ಮಡಿಲಿಗೆ ಎಳೆದುಕೊಂಡರು. "ಅವನೂ ಇಳಿದು ಹೋದ" ಎಂದರು. ನಾನೇ ಮಾಡಿದ್ದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೂರು ದಿನ ಅವರು ಕಂಪ್ಯೂಟರ್ ಮುಟ್ಟಲಿಲ್ಲ, ಸರಿಯಾಗಿ ಉಣ್ಣಲಿಲ್ಲ.

ಗುರುವಾರ ಅಂತೋಣಿ ಒಳಗೆ ಬರುವ ಮೊದಲೇ ಬಾಗಿಲಲ್ಲಿ ತಪ್ಪು ಒಪ್ಪಿಕೊಂಡೆ. ಅವರು ನಗಲಿಲ್ಲ. ಪಟವನ್ನು ಮತ್ತೆ ಕೆಳಗಿಳಿಸುತ್ತ ಹೇಳಿದರು: "ಇದು ಮೇಲಿಂದ ಒಂದೊಂದಾಗಿ ಹಾಕ್ಕೊಂಡ್ ಬರತ್ತಮ್ಮಾ. ಕೊನೇಲಿ ಹಾಕಿದ್ದೇ ಕಣ್ಣಿಗೆ ಕಾಣೋದು. ಸಾಮಿನ ಯಾರೂ ಮುಚ್ಚಬಾರದು ಅಂತಲೇ ಕೊನೇಲಿ ಇಟ್ಟಿದ್ದೆ." ಆಮೇಲೆ ಯಜಮಾನರ ಕಡೆ ತಿರುಗಿದರು. "ಇಳಿದು ಹೋಗಿರಲಿಲ್ಲ ಸಾರ್. ಬಣ್ಣದ ಹಿಂದೇನೇ ಕೂತಿದ್ರು."

ದೇವರ ಅಲಂಕಾರದಲ್ಲಿ ಕೊನೆಗೆ ಹಾಕಿದ ಹಾರವೇ ಮೇಲೆ ಕಾಣುವುದು. ದಿನಾ ಹಾಕುವ ನನಗೇ ಅದು ಹೊಳೆದಿರಲಿಲ್ಲ.

ಆರು ತಿಂಗಳು ಹಿಡಿಯಿತು. ನಿಧಾನದ ಬಸ್ಸಿನ ಟಿಕ್ ಹೋಯಿತು. ಖಾಲಿ ರಸ್ತೆಯದೂ ಹೋಗಿ, ಎದುರಿಗೆ ಲಾರಿ ಕಾರುಗಳು ಬಂದವು. ಒಂದು ಗುರುವಾರ ಮಧ್ಯಾಹ್ನ ಇಬ್ಬರಿಗೂ ತಟ್ಟೆ ಹಾಕಿದೆ. ನಾನು ತುತ್ತು ಕಲಸಲು ಬಗ್ಗುವಷ್ಟರಲ್ಲಿ ಯಜಮಾನರು ಬಲಗೈಯನ್ನು ಅನ್ನದ ಮೇಲಿಟ್ಟರು. ಬೆರಳು ಮಡಚಿದವು. ಅರ್ಧ ಚೆಲ್ಲಿತು, ಅರ್ಧ ಬಾಯಿಗೆ ಹೋಯಿತು. ಅಂತೋಣಿ ತಲೆ ಎತ್ತಲಿಲ್ಲ. ತಮ್ಮ ತಟ್ಟೆಯನ್ನೇ ನೋಡುತ್ತ, "ಹುಳಿ ಇನ್ನೊಂದ್ ಸೌಟು ಬರ್ಲಿ ಅಮ್ಮಾ, ಇಬ್ಬರಿಗೂ" ಎಂದರು. ಮೇಜಿನ ಕೆಳಗೆ ಅವರ ಎಡಗಾಲು ಮಾತ್ರ ನೆಲವನ್ನು ಒತ್ತಿ ಹಿಡಿದಿತ್ತು. ಊಟ ಮುಗಿಯುವ ತನಕ ಬಿಡಲಿಲ್ಲ.

ಅದೇ ಕೊನೆ. ಆ ಭಾನುವಾರ ಬೆಳಿಗ್ಗೆ ಚರ್ಚಿಗೆಂದು ಷರ್ಟು ಹಾಕಿಕೊಂಡು ಕುರ್ಚಿಯಲ್ಲಿ ಕೂತ ಅಂತೋಣಿ ಏಳಲಿಲ್ಲವೆಂದು ಅವರ ಅಳಿಯ ಫೋನ್ ಮಾಡಿದರು. ಮಣ್ಣಿಗೆ ಹೋಗಿ ಬಂದೆವು. ಯಜಮಾನರು ಬಲಗೈಯಲ್ಲೇ ಒಂದು ಹಿಡಿ ಮಣ್ಣು ಹಾಕಿದರು.

ಗುರುವಾರ ಬಂತು. ಹೊತ್ತು ಮೀರುವ ತನಕ ಬಾಗಿಲ ಕಡೆ ನೋಡಿ, ಯಜಮಾನರು ತಾವೇ ಮಾಡ್ ಮ್ಯಾನೇಜರ್ ತೆರೆದರು. ಆರೋಗ್ಯ ಮಾತೆಯ ಪಟ ಟಿಕ್ ಇಲ್ಲದೆ ಪಟ್ಟಿಯಲ್ಲೇ ಇತ್ತು. ಟಿಕ್ ಹಾಕಿ, ಕೈ ತಡೆದು ನನ್ನ ಮುಖ ನೋಡಿದರು. ಎರಡು ಪಟಕ್ಕೂ ಬಸ್ಸಿನಲ್ಲಿ ಒಂದೇ ಜಾಗ.

"ಅಮ್ಮನ್ನ ಕೊನೇಲಿ ಇಡ್ರೀ" ಎಂದೆ.

"ನಿನ್ನ ಸೋಮೇಶ್ವರ?"

"ಹಿಂದೆ ಕೂತಿರ್ತಾನೆ."

ಬಲಗೈಯಲ್ಲಿ ಮೌಸ್ ಹಿಡಿದು, ನಿಧಾನವಾಗಿ ಎಳೆದು, ಆಕೆಯನ್ನು ಕೊನೆಯ ಸಾಲಿನಲ್ಲಿ ಬಿಟ್ಟರು. ಆ ದಿನ ಬೇರೆ ಯಾವುದನ್ನೂ ಮುಟ್ಟಲಿಲ್ಲ.